ದೋಣಿಯ ಹೆಸರಿಗಿಂತ ನೀರಿನ ಗುಣ ಮೊದಲು

ಮಳೆಗಾಲ ಬಂತೆಂದರೆ ಸೇಡಂ ತಾಲ್ಲೂಕಿನ ಮಳಖೇಡ ಮತ್ತು ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಹೆಸರು ಸುದ್ದಿಗಳಲ್ಲಿ ಕಾಣಿಸತೊಡಗುತ್ತದೆ. ಕಾಗಿಣಾ ನದಿ ಉಕ್ಕಿ ಸೇತುವೆಯ ಮೇಲೆ ಹರಿದಾಗ ರಸ್ತೆ ಸಂಪರ್ಕ ಕಡಿದುಹೋಗುತ್ತದೆ, ದಡದ ಮನೆಗಳಿಗೆ ನೀರು ನುಗ್ಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಮತ್ತು ಕಾಗಿಣಾ ನದಿಗಳು ಕಲಬುರಗಿ ಜಿಲ್ಲೆಯ ಜನರನ್ನು ಕಂಗೆಡಿಸಿದ ರೀತಿಯನ್ನು ಯಾರೂ ಮರೆತಿಲ್ಲ. ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಜನರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: ದೋಣಿ ಎಲ್ಲಿದೆ? ಆದರೆ ಎಂತಹ ದೋಣಿ, ಅದಕ್ಕೆ ಎಂತಹ ಎಂಜಿನ್ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ.

ಮಳೆ ನಿಂತ ಮೇಲೆ ದೋಣಿಯ ಮಾತು ಬೇರೊಂದು ರೂಪದಲ್ಲಿ ಬರುತ್ತದೆ. ಚಿಂಚೋಳಿಯ ಕಾಡಿನ ನಡುವಿರುವ ಚಂದ್ರಂಪಳ್ಳಿ ಜಲಾಶಯವನ್ನು ಕಂಡವರು ಇಲ್ಲಿ ಜಲಕ್ರೀಡೆ ಏಕಿರಬಾರದು ಎಂದು ಕೇಳುವುದು ಸಹಜ. ಹೀಗೆ ರಕ್ಷಣೆಗಾಗಲಿ, ವಿಹಾರಕ್ಕಾಗಲಿ ದೋಣಿ ಕೊಳ್ಳುವ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಕಂಪನಿಯ ಹೆಸರು, ಹಾರ್ಸ್‌ಪವರ್ ಮತ್ತು ದರ ಎಂಬ ಮೂರು ಸಂಗತಿಗಳ ಸುತ್ತಲೇ ಸುತ್ತುತ್ತದೆ. ಜಗತ್ತಿನ ಅತ್ಯಂತ ದುಬಾರಿ ಜಲಕ್ರೀಡಾ ದೋಣಿಗಳನ್ನು ಕೊಂಡವರ ಲೆಕ್ಕಾಚಾರವನ್ನು ಗಮನಿಸಿದರೆ, ಅವರ ಆಯ್ಕೆ ಹೆಸರಿನಿಂದ ಆರಂಭವಾಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅದೇ ಲೆಕ್ಕಾಚಾರವನ್ನು ಕಾಗಿಣಾ, ಭೀಮಾ ಮತ್ತು ಮುಲ್ಲಾಮಾರಿ ನದಿಗಳಿಗೆ ಅನ್ವಯಿಸಿದರೆ ಸಿಗುವ ಉತ್ತರ ಬೇರೆಯೇ ಆಗಿರುತ್ತದೆ.

ಎಂಜಿನ್ ಒಳಗೋ, ಹೊರಗೋ?

ಯಾಂತ್ರಿಕ ದೋಣಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಎಂಜಿನ್ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ತೂಗುಬಿದ್ದಿರುತ್ತದೆ. ಇದು ಔಟ್‌ಬೋರ್ಡ್. ಎಂಜಿನ್, ಗೇರು, ಪ್ರೊಪೆಲ್ಲರ್ ಎಲ್ಲವೂ ಒಂದೇ ಘಟಕದಲ್ಲಿರುತ್ತವೆ. ಇಡೀ ಘಟಕವನ್ನು ತಿರುಗಿಸಿದರೆ ದೋಣಿ ತಿರುಗುತ್ತದೆ. ಆಳ ಕಡಿಮೆಯಾದಾಗ ಅದನ್ನು ಮೇಲಕ್ಕೆ ಬಾಗಿಸಿ ಪ್ರೊಪೆಲ್ಲರನ್ನು ನೀರಿನಿಂದ ಹೊರಗೆತ್ತಬಹುದು. ಕೆಟ್ಟುಹೋದರೆ ಬೋಲ್ಟು ಬಿಚ್ಚಿ ಬೇರೊಂದನ್ನು ಜೋಡಿಸಬಹುದು.

ಎರಡನೆಯ ಬಗೆಯಲ್ಲಿ ಎಂಜಿನ್ ದೋಣಿಯ ಒಡಲಿನ ಒಳಗೇ ಕುಳಿತಿರುತ್ತದೆ. ಇದು ಇನ್‌ಬೋರ್ಡ್. ಎಂಜಿನ್ನಿನಿಂದ ಹೊರಟ ಉಕ್ಕಿನ ದಂಡ ದೋಣಿಯ ತಳವನ್ನು ಭೇದಿಸಿಕೊಂಡು ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಪ್ರೊಪೆಲ್ಲರ್, ಅದರ ಹಿಂದೆ ಚುಕ್ಕಾಣಿ. ಇವು ದೋಣಿಯ ತಳದ ಕೆಳಗೆ ಸ್ಥಿರವಾಗಿರುತ್ತವೆ, ಎತ್ತಲು ಬರುವುದಿಲ್ಲ. ತೂಕವೂ ಬೆಲೆಯೂ ಹೆಚ್ಚು. ಹಿಮ್ಮುಖವಾಗಿ ಚಲಿಸುವಾಗ ಚುಕ್ಕಾಣಿಯ ಮಾತನ್ನು ದೋಣಿ ಅಷ್ಟಾಗಿ ಕೇಳುವುದಿಲ್ಲ. ಇಷ್ಟೆಲ್ಲ ತೊಡಕುಗಳಿದ್ದರೂ ಸ್ಕೀಯಿಂಗ್ ಮತ್ತು ವೇಕ್‌ಬೋರ್ಡಿಂಗ್‌ಗಾಗಿ ದೋಣಿ ಕೊಳ್ಳುವವರು ಇನ್‌ಬೋರ್ಡನ್ನೇ ಬಯಸುತ್ತಾರೆ. ಇದಕ್ಕೆ ಬಲವಾದ ಕಾರಣಗಳಿವೆ.

ಮೊದಲ ಕಾರಣ ಸುರಕ್ಷತೆ. ದೋಣಿಯ ಹಿಂದೆ ಹಗ್ಗ ಹಿಡಿದು ಸಾಗುವ ಕ್ರೀಡಾಪಟುವಿಗೂ ತಿರುಗುವ ಪ್ರೊಪೆಲ್ಲರಿಗೂ ನಡುವೆ ದೋಣಿಯ ಹಿಂಭಾಗವೇ ಅಡ್ಡಲಾಗಿರುತ್ತದೆ. ಔಟ್‌ಬೋರ್ಡ್‌ನಲ್ಲಿ ಪ್ರೊಪೆಲ್ಲರ್ ದೋಣಿಯ ಹಿಂದಕ್ಕೆ ಚಾಚಿಕೊಂಡಿರುತ್ತದೆ. ದೋಣಿಗೆ ತೀರ ಹತ್ತಿರದಲ್ಲಿ ಅಲೆಯ ಮೇಲೆ ತೇಲುವ ವೇಕ್‌ಸರ್ಫಿಂಗ್‌ನಲ್ಲಿ ಈ ವ್ಯತ್ಯಾಸ ಜೀವ–ಮರಣದ ವ್ಯತ್ಯಾಸ. ಎರಡನೆಯ ಕಾರಣ ಅಲೆಯ ಸ್ವರೂಪ. ಎಂಜಿನ್ನಿನ ಭಾರ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ದೋಣಿಯ ಹಿಂದೆ ಏಳುವ ಅಲೆ ಚಿಕ್ಕದೋ ದೊಡ್ಡದೋ ಎಂಬುದು ನಿರ್ಧಾರವಾಗುತ್ತದೆ.

ಒಂದು ಕ್ರೀಡೆ, ಎರಡು ಬೇಡಿಕೆ

ನೀರಿನ ಮೇಲಿನ ಸ್ಕೀಯಿಂಗ್ ಆರಂಭವಾದದ್ದು 1922ರಲ್ಲಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ 18 ವರ್ಷದ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ತರುಣ ಮರದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ದೋಣಿಯ ಹಿಂದೆ ನೀರಿನ ಮೇಲೆ ನಿಂತು ಸಾಗಿದ. ಆಗ ಈ ಕ್ರೀಡೆಗೆಂದೇ ತಯಾರಾದ ದೋಣಿ ಯಾವುದೂ ಇರಲಿಲ್ಲ. ಅಂತಹ ದೋಣಿಗಳು ರೂಪುಗೊಂಡದ್ದು ಹಲವು ದಶಕಗಳ ಅನಂತರ.

ಕಾಲಕ್ರಮದಲ್ಲಿ ಈ ಕ್ರೀಡೆ ಎರಡು ಕವಲಾಯಿತು. ಸ್ಲಾಲಂ ಸ್ಪರ್ಧೆಯಲ್ಲಿ ಸ್ಕೀಪಟು ಆರು ತೇಲುಗುಂಡುಗಳನ್ನು ಸುತ್ತಿ ಬಳುಕುತ್ತ ಸಾಗಬೇಕು. ಪುರುಷರ ವಿಭಾಗದಲ್ಲಿ ದೋಣಿಯ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್. ಪ್ರತಿ ಸುತ್ತಿನಲ್ಲಿಯೂ ದೋಣಿಯ ಅಲೆಯನ್ನು ಅಡ್ಡಹಾಯಬೇಕಾಗುವುದರಿಂದ ಅಲೆ ಎಷ್ಟು ಚಪ್ಪಟೆಯಾಗಿದ್ದರೆ ಅಷ್ಟು ಒಳ್ಳೆಯದು. ಅದಕ್ಕಾಗಿ ಎಂಜಿನ್ನನ್ನು ದೋಣಿಯ ನಟ್ಟನಡುವೆ ಇಡುತ್ತಾರೆ. ಭಾರ ಸಮನಾಗಿ ಹಂಚಿಹೋಗಿ ದೋಣಿ ನೀರನ್ನು ಹೆಚ್ಚು ಕಲಕದೆ ಸಾಗುತ್ತದೆ. ಇದಕ್ಕೆ ಡೈರೆಕ್ಟ್ ಡ್ರೈವ್ ಎಂದು ಹೆಸರು.

ವೇಕ್‌ಬೋರ್ಡಿಂಗ್ ಮತ್ತು ವೇಕ್‌ಸರ್ಫಿಂಗ್‌ನ ಬೇಡಿಕೆ ಇದಕ್ಕೆ ತದ್ವಿರುದ್ಧ. ಅಲ್ಲಿ ಅಲೆಯೇ ಆಟದ ಅಂಗಣ. ಅಲೆ ಎತ್ತರವಾಗಿರಬೇಕು, ಗಟ್ಟಿಯಾಗಿರಬೇಕು. ಆದ್ದರಿಂದ ಎಂಜಿನ್ನನ್ನು ಹಿಂಭಾಗಕ್ಕೆ ತಳ್ಳಿ, ಶಕ್ತಿಯನ್ನು ಇಂಗ್ಲಿಷಿನ ವಿ ಅಕ್ಷರದಂತೆ ಮಡಿಸಿ ಪ್ರೊಪೆಲ್ಲರಿಗೆ ಕಳಿಸುವ ವಿ ಡ್ರೈವ್ ವ್ಯವಸ್ಥೆ ಬಂದಿತು. ಅದೂ ಸಾಲದೆಂದು ದೋಣಿಯೊಳಗಿನ ತೊಟ್ಟಿಗಳಿಗೆ ಕೆರೆಯ ನೀರನ್ನೇ ತುಂಬಿ ತೂಕ ಹೆಚ್ಚಿಸುತ್ತಾರೆ. ಒಂದೇ ಕಂಪನಿಯ ಎರಡು ದೋಣಿಗಳಲ್ಲಿ ಒಂದು ನೀರನ್ನು ಕಲಕಬಾರದೆಂದೂ ಇನ್ನೊಂದು ನೀರನ್ನು ಎಬ್ಬಿಸಬೇಕೆಂದೂ ತಯಾರಾಗಿರುತ್ತದೆ. ಇದನ್ನು ತಿಳಿಯದೆ ಹೆಸರು ನೋಡಿ ಕೊಂಡವನು ತನಗೆ ಬೇಡದ ದೋಣಿಯನ್ನು ಮನೆಗೆ ತಂದಂತೆಯೇ.

ಮೂರು ಹೆಸರುಗಳ ಹಿಂದಿನ ಮರ್ಮ

ಈ ಕ್ಷೇತ್ರದಲ್ಲಿ ಪ್ರಮುಖವಾಗಿ ಕೇಳಿಬರುವ ಹೆಸರುಗಳು ಮೂರು. ಫ್ಲಾರಿಡಾದಲ್ಲಿ ಮೆಲೂನ್ ಕುಟುಂಬ 1925ರಲ್ಲಿ ಆರಂಭಿಸಿದ ಕರೆಕ್ಟ್ ಕ್ರಾಫ್ಟ್ ಕಂಪನಿಯ ನಾಟಿಕ್ ದೋಣಿಗಳು ಹಳೆಯ ಮನೆತನದವು. ಸ್ಕೀ ನಾಟಿಕ್ ಎಂಬ ಮಾದರಿ 1961ರಿಂದ ಈ ಕಂಪನಿಯದಾಯಿತು. ಟೆನ್ನೆಸಿ ರಾಜ್ಯದ ಮೇರಿವಿಲ್ ಎಂಬಲ್ಲಿ ರಾಬ್ ಶರ್ಲಿ 1968ರಲ್ಲಿ ಕುದುರೆ ಲಾಯವೊಂದರಲ್ಲಿ ಮಾಸ್ಟರ್‌ಕ್ರಾಫ್ಟ್ ದೋಣಿಯನ್ನು ಕಟ್ಟತೊಡಗಿದರು. ಮೂರನೆಯದು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮಾಲಿಬು.

ನಾಟಿಕ್ ಕೊಂಡವರು ಸ್ಪರ್ಧೆಗಳಲ್ಲಿ ಅದಕ್ಕಿರುವ ದೀರ್ಘ ಪರಂಪರೆಯನ್ನೂ ತಮ್ಮ ಸ್ಕೀ ಕ್ಲಬ್ಬಿನಲ್ಲಿ ಅದೇ ದೋಣಿ ಇರುವುದನ್ನೂ ಕಾರಣವಾಗಿ ಕೊಡುವುದುಂಟು. ಅಭ್ಯಾಸ ಮಾಡಿದ ಅಲೆಯ ಮೇಲೆಯೇ ಸ್ಪರ್ಧಿಸುವ ಅನುಕೂಲ ಚಿಕ್ಕದಲ್ಲ. ಮಾಲಿಬು 2012ರಲ್ಲಿ ತಂದ ಸರ್ಫ್ ಗೇಟ್ ಎಂಬ ವ್ಯವಸ್ಥೆ ಮತ್ತೊಂದು ಬಗೆಯ ಗ್ರಾಹಕರನ್ನು ಸೆಳೆಯಿತು. ಅದಕ್ಕೂ ಮುನ್ನ ಒಂದು ಬದಿಯಲ್ಲಿ ಒಳ್ಳೆಯ ಅಲೆ ಏಳಬೇಕಾದರೆ ಆ ಬದಿಗೆ ಭಾರ ತುಂಬಿ ದೋಣಿಯನ್ನು ವಾಲಿಸಬೇಕಿತ್ತು. ಹಿಂಬದಿಯ ಫಲಕವೊಂದನ್ನು ಚಾಚಿ ನೀರಿನ ಹರಿವನ್ನು ತಡೆದು, ದೋಣಿ ವಾಲದೆಯೇ ಎಡಕ್ಕೋ ಬಲಕ್ಕೋ ಅಲೆ ಏಳಿಸುವ ಉಪಾಯ ಅದು. ಈ ಒಂದು ಉಪಾಯದ ಹಕ್ಕಿಗಾಗಿ ಮಾಲಿಬು ಕಂಪನಿ ಉಳಿದೆರಡು ಕಂಪನಿಗಳನ್ನೂ ನ್ಯಾಯಾಲಯಕ್ಕೆ ಎಳೆಯಿತು. ಮಾಸ್ಟರ್‌ಕ್ರಾಫ್ಟ್ ಜೊತೆಗಿನ ವ್ಯಾಜ್ಯ 2017ರಲ್ಲಿ ರಾಜಿಯಾಯಿತು. ಫಲಕವೊಂದರ ಬೆಲೆ ಎಷ್ಟೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಈ ದೋಣಿಗಳ ಮುಚ್ಚಳ ತೆರೆದರೆ ಹೆಸರಿನ ಭೇದ ಕರಗತೊಡಗುತ್ತದೆ. ಮೂರೂ ಕಂಪನಿಗಳ ದೋಣಿಗಳಲ್ಲಿ ದೀರ್ಘಕಾಲ ಇದ್ದದ್ದು ಬಹುಮಟ್ಟಿಗೆ ಜನರಲ್ ಮೋಟಾರ್ಸ್ ಕಾರು–ಟ್ರಕ್ಕುಗಳಿಗಾಗಿ ತಯಾರಿಸಿದ ಎಂಟು ಸಿಲಿಂಡರಿನ ಎಂಜಿನ್ನುಗಳೇ. ಅವನ್ನು ನೀರಿಗೆ ಒಗ್ಗಿಸಿ ಕೊಡುವ ಸಂಸ್ಥೆಗಳು ಮಾತ್ರ ಬೇರೆ ಬೇರೆ. ಅಂದರೆ ಮಾಲೀಕನು ಹಣ ತೆತ್ತದ್ದು ಎಂಜಿನ್ನಿಗಿಂತ ಹೆಚ್ಚಾಗಿ ದೋಣಿಯ ತಳದ ಆಕಾರಕ್ಕೆ, ಅಲೆಯ ಗುಣಕ್ಕೆ ಹಾಗೂ ಮಾರಾಟದ ಅನಂತರದ ಸೇವೆಗೆ.

ಕೊನೆಯ ಸಂಗತಿಯೇ ಎಲ್ಲಕ್ಕಿಂತ ನಿರ್ಣಾಯಕ. ಒಂದು ಲಕ್ಷ ಡಾಲರ್ ದಾಟುವ ಬೆಲೆ ಕೊಟ್ಟು ದೋಣಿ ಕೊಂಡವರು ತಮ್ಮ ಊರಿಗೆ ಹತ್ತಿರದ ಡೀಲರ್ ಯಾರು, ಅವನ ಬಳಿ ಬಿಡಿಭಾಗಗಳಿವೆಯೇ, ಬೇಸಿಗೆಯ ಮಧ್ಯದಲ್ಲಿ ಕೆಟ್ಟರೆ ಎಷ್ಟು ದಿನಕ್ಕೆ ಸರಿಯಾದೀತು ಎಂದು ಮೊದಲೇ ವಿಚಾರಿಸುತ್ತಾರೆ. ನಾಲ್ಕು ವರ್ಷಗಳ ಅನಂತರ ಮಾರಿದರೆ ಎಷ್ಟು ಬಂದೀತು ಎಂದೂ ಲೆಕ್ಕ ಹಾಕುತ್ತಾರೆ. ಅದ್ಭುತ ದೋಣಿಯಿದ್ದೂ ಡೀಲರ್ ದೂರವಿದ್ದರೆ, ಸಾಧಾರಣ ದೋಣಿಯ ಸಮೀಪದ ಡೀಲರೇ ಗೆಲ್ಲುತ್ತಾನೆ. ಟ್ರ್ಯಾಕ್ಟರ್ ಕೊಳ್ಳುವ ಚಿತ್ತಾಪುರದ ತೊಗರಿ ಬೆಳೆಗಾರನೂ, ಲಾರಿ ಕೊಳ್ಳುವ ವಾಡಿಯ ಸಾಗಣೆದಾರನೂ ಹಾಕುವ ಲೆಕ್ಕ ಇದೇ ಅಲ್ಲವೇ?

ಕರಾವಳಿ ಕಲಿಸುವ ಪಾಠ

ಕರ್ನಾಟಕದಲ್ಲಿ ದೋಣಿ ಮತ್ತು ಎಂಜಿನ್ನಿನ ಆಯ್ಕೆಯನ್ನು ಬದುಕಿನ ಪ್ರಶ್ನೆಯಾಗಿ ಎದುರಿಸುವವರು ಕರಾವಳಿಯ ಮೀನುಗಾರರು. ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಎರಡೂ ಬಗೆಯ ದೋಣಿಗಳನ್ನು ಕಾಣಬಹುದು. ವಾರಗಟ್ಟಲೆ ಆಳಸಮುದ್ರದಲ್ಲಿ ಉಳಿಯುವ ಟ್ರಾಲ್ ಬೋಟುಗಳದು ಡೀಸೆಲ್ಲಿನ ಇನ್‌ಬೋರ್ಡ್ ಎಂಜಿನ್. ಭಾರವಾದ ಬಲೆಯನ್ನು ಗಂಟೆಗಟ್ಟಲೆ ಎಳೆಯಲು ನಿಧಾನವಾದರೂ ದಣಿಯದ ಶಕ್ತಿ ಬೇಕು. ತೀರದ ಸಮೀಪ ದುಡಿಯುವ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ನೇ ಸರಿ. ಮರಳದಂಡೆಗೆ ದೋಣಿ ಏರಿಸುವಾಗ ಪ್ರೊಪೆಲ್ಲರ್ ಎತ್ತಬೇಕು, ಅಳಿವೆಯ ತೆರೆ ದಾಟುವಾಗ ಚಟಕ್ಕನೆ ತಿರುಗಬೇಕು.

ನಾಡದೋಣಿಗಳಲ್ಲಿ ಯಮಹಾ ಹೆಸರು ಮನೆಮಾತಾಗಿರುವುದಕ್ಕೆ ಕಾರಣ ಜಾಹೀರಾತಲ್ಲ. ಸೀಮೆಎಣ್ಣೆಯಲ್ಲಿ ಓಡುವ ಮಾದರಿಗಳು ಅದರಲ್ಲಿ ದೊರೆತವು, ಬಂದರಿನ ಮೆಕ್ಯಾನಿಕ್‌ಗಳ ಕೈ ಅದಕ್ಕೆ ಪಳಗಿತು, ಬಿಡಿಭಾಗ ಸಿಕ್ಕಿತು. ಆದರೆ ಇಂಧನದ ನೀತಿ ಬದಲಾದಾಗ ಎಂಜಿನ್ನಿನ ಲೆಕ್ಕವೂ ಬದಲಾಗುತ್ತದೆ. ರಿಯಾಯಿತಿ ದರದ ಸೀಮೆಎಣ್ಣೆ ಸಕಾಲಕ್ಕೆ ದೊರೆಯದೆ ಮೀನುಗಾರರು ಪರದಾಡಿದ ವರ್ಷಗಳುಂಟು. 2023ರಲ್ಲಿ ರಾಜ್ಯ ಸರ್ಕಾರ ತನ್ನ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ನುಗಳನ್ನು ಪೆಟ್ರೋಲ್ ಎಂಜಿನ್ನುಗಳಿಗೆ ಬದಲಾಯಿಸಿಕೊಳ್ಳಲು ಸಹಾಯಧನ ಘೋಷಿಸಬೇಕಾಯಿತು. ದೋಣಿ ಕೊಳ್ಳುವಾಗ ಇಂದಿನ ದರವನ್ನಷ್ಟೇ ಅಲ್ಲ, ಹತ್ತು ವರ್ಷದ ಇಂಧನವನ್ನೂ ಎಣಿಸಬೇಕೆಂಬುದು ಇದರಿಂದ ಸ್ಪಷ್ಟ.

ಕರಾವಳಿಯ ಪ್ರವಾಸಿ ತಾಣಗಳಲ್ಲಿ ಕಾಣುವ ಜೆಟ್ ಸ್ಕೀ ಕೂಡ ಒಂದು ಬಗೆಯ ಇನ್‌ಬೋರ್ಡೇ. ಎಂಜಿನ್ ಒಡಲಿನಲ್ಲಿರುತ್ತದೆ. ಆದರೆ ಹೊರಗೆ ಪ್ರೊಪೆಲ್ಲರ್ ಇರುವುದಿಲ್ಲ. ತಳದಿಂದ ನೀರನ್ನು ಹೀರಿ ಹಿಂದಕ್ಕೆ ರಭಸವಾಗಿ ಚಿಮ್ಮಿಸಿ ಅದು ಮುನ್ನುಗ್ಗುತ್ತದೆ. ಸ್ನಾನಕ್ಕಿಳಿದ ಜನರಿಗೆ ಅಲಗಿನ ಭಯವಿಲ್ಲವೆಂಬುದು ಅದರ ಗುಣ. ನೀರಿನ ಜೊತೆಗೆ ಮರಳು, ಜೊಂಡು, ಪ್ಲಾಸ್ಟಿಕ್ ಚೀಲಗಳನ್ನೂ ಹೀರಿಕೊಂಡು ಕೆಡುವುದು ಅದರ ದೋಷ.

ಹರಿಗೋಲಿನ ವಿವೇಕ

ಎಂಜಿನ್ನಿನ ಚರ್ಚೆಯ ನಡುವೆ ಈ ಸೀಮೆಯ ಹಳೆಯ ದೋಣಿಯನ್ನು ಮರೆಯಲಾಗದು. ಕ್ರಿ.ಶ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ಜನರು ತುಂಗಭದ್ರೆಯನ್ನು ದಾಟುವುದನ್ನು ಕಂಡು ಬರೆದಿದ್ದಾನೆ. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಆ ಹರಿಗೋಲಿಗೆ ಮುಂದೆ ಟಾರು ಬಳಿದ ಚೀಲದ ಹೊದಿಕೆ ಬಂದಿತು, ಆಮೇಲೆ ಫೈಬರ್ ಬಂದಿತು. ಆಕಾರ ಮಾತ್ರ ಬದಲಾಗಲಿಲ್ಲ.

ಹರಿಗೋಲು ಬದಲಾಗದಿರುವುದು ಹಿಂದುಳಿದಿರುವಿಕೆಯ ಗುರುತಲ್ಲ. ಅದಕ್ಕೆ ಮುಂಭಾಗವಿಲ್ಲ, ಹಿಂಭಾಗವಿಲ್ಲ, ತಳದಲ್ಲಿ ಏಣೆಲುಬಿಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ. ಬಂಡೆ ತಾಗಿದರೆ ಒಡೆಯುವ ಬದಲು ಬಾಗಿ ಜಾರುತ್ತದೆ. ಒಬ್ಬನೇ ಬೆನ್ನ ಮೇಲೆ ಹೊತ್ತು ದಡ ಸೇರಿಸಬಹುದು. ಹರಿದರೆ ಊರಿನಲ್ಲಿಯೇ ತೇಪೆ ಹಾಕಬಹುದು. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕವೇ ದೋಣಿ ನಡೆಸುವುದಾಗಿತ್ತು. ಆ ಕಾಯಕವನ್ನು ಮುಂದುವರಿಸಿದ ಸಮುದಾಯಗಳು ಭೀಮಾ ತೀರದಲ್ಲಿ ಇಂದಿಗೂ ಇವೆ. ನದಿಯ ಮಡು ಎಲ್ಲಿದೆ, ಸುಳಿ ಎಲ್ಲಿ ಏಳುತ್ತದೆ, ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ ಎಂಬ ಜ್ಞಾನ ಅವರಲ್ಲಿದೆ. ಆದರೂ ಪ್ರವಾಹದ ರಭಸಕ್ಕೆ ಹರಿಗೋಲು ಸಾಟಿಯಲ್ಲ. ಹುಟ್ಟಿನ ಬಲಕ್ಕಿಂತ ಪ್ರವಾಹದ ಬಲ ಹೆಚ್ಚಾದಾಗ ಅದು ತಿರುಗುತ್ತ ಕೊಚ್ಚಿಹೋಗುತ್ತದೆ. ಅಲ್ಲಿ ಎಂಜಿನ್ ಅನಿವಾರ್ಯ.

ಪರಸಿ ಕಲ್ಲಿನ ನದಿ

ಹಾಗಾದರೆ ಇಲ್ಲಿನ ನದಿಗಳಿಗೆ ಎಂತಹ ದೋಣಿ? ಉತ್ತರ ನದಿಯ ತಳದಲ್ಲಿಯೇ ಇದೆ. ತೆಲಂಗಾಣದ ವಿಕಾರಾಬಾದ್ ಸೀಮೆಯಿಂದ ತಾಂಡೂರಿನ ಮೂಲಕ ಹರಿದುಬರುವ ಕಾಗಿಣಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಹಾಯ್ದು, ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಭೀಮಾ ನದಿಯನ್ನು ಸೇರುತ್ತದೆ. ಈ ಹಾದಿಯ ಬಹುಭಾಗ ಸುಣ್ಣಕಲ್ಲಿನ ನೆಲ. ನಾಡಿನ ಅಸಂಖ್ಯ ಮನೆಗಳಿಗೆ ನೆಲಹಾಸಾಗಿರುವ ಶಹಾಬಾದ್ ಪರಸಿ ದೊರೆಯುವುದೂ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತು ಸಿಗುವುದೂ ಇದೇ ನೆಲದಿಂದ. ಪದರ ಪದರವಾಗಿ ಸೀಳುವ ಈ ಕಲ್ಲು ನದಿಯ ತಳದಲ್ಲಿ ಮೆಟ್ಟಿಲುಗಳಂತೆ, ಅಂಚುಗಳಂತೆ ಹಾಸಿಕೊಂಡಿರುತ್ತದೆ.

ಕೆಸರು ನೀರು ತುಂಬಿ ಹರಿಯುವಾಗ ಈ ಅಂಚುಗಳು ಕಣ್ಣಿಗೆ ಬೀಳುವುದಿಲ್ಲ. ತಳದ ಕೆಳಗೆ ಸ್ಥಿರವಾದ ದಂಡ ಮತ್ತು ಪ್ರೊಪೆಲ್ಲರ್ ಹೊಂದಿದ ಇನ್‌ಬೋರ್ಡ್ ದೋಣಿ ಇಲ್ಲಿಗೆ ಬಂದರೆ ಮೊದಲ ಬಂಡೆಗೇ ದಂಡ ಬಾಗಬಹುದು. ಬಾಗಿದ ದಂಡ ತಳದ ರಂಧ್ರವನ್ನು ಹಿಗ್ಗಿಸಿ ನೀರನ್ನು ಒಳಬಿಡಬಹುದು. ಮುಳುಗಿದ ರಸ್ತೆ, ಬೇಲಿ, ವಿದ್ಯುತ್ ಕಂಬ, ತೊಗರಿ ಹೊಲದ ಬದು ಇವುಗಳ ಮೇಲೆ ಸಾಗಬೇಕಾದ ರಕ್ಷಣಾ ದೋಣಿಗೆ ಈ ಅಪಾಯ ಇನ್ನೂ ಹೆಚ್ಚು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಂತಹ ರಕ್ಷಣಾ ತಂಡಗಳು ಗಾಳಿ ತುಂಬುವ ರಬ್ಬರ್ ದೋಣಿಗೆ ಔಟ್‌ಬೋರ್ಡ್ ಎಂಜಿನ್ ಜೋಡಿಸಿ ಬಳಸುವುದರ ಮರ್ಮ ಇದೇ. ಮಡಚಿ ಲಾರಿಯಲ್ಲಿ ತರಬಹುದು, ನಾಲ್ಕಾರು ಮಂದಿ ಹೊತ್ತು ಇಳಿಸಬಹುದು, ಆಳ ಕಡಿಮೆಯಾದಲ್ಲಿ ಎಂಜಿನ್ ಎತ್ತಿ ಹುಟ್ಟು ಹಾಕಬಹುದು. ಗಾಳಿಯ ಕೋಣೆಗಳು ಪ್ರತ್ಯೇಕವಾಗಿರುವುದರಿಂದ ಒಂದು ಹರಿದರೂ ಉಳಿದವು ದೋಣಿಯನ್ನು ತೇಲಿಸುತ್ತವೆ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ವಾಡಿ, ಶಹಾಬಾದ್, ಸೇಡಂಗಳಲ್ಲಿ ಲಾರಿ, ಟ್ರ್ಯಾಕ್ಟರ್, ಕಲ್ಲು ಕೊರೆಯುವ ಯಂತ್ರಗಳನ್ನು ಬಿಚ್ಚಿ ಜೋಡಿಸುವ ನುರಿತ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಇನ್‌ಬೋರ್ಡ್ ಎಂಜಿನ್ನಿನ ಒಡಲು ಅವರಿಗೆ ಅಪರಿಚಿತವೂ ಅಲ್ಲ. ಆದರೆ ದೋಣಿಯ ಎಂಜಿನ್ ತಣ್ಣಗಾಗುವುದು ಹೊರಗಿನಿಂದ ಹೀರಿದ ನೀರಿನಿಂದ. ಆ ನೀರನ್ನು ಎತ್ತುವ ಪಂಪಿನೊಳಗಿನ ಚಿಕ್ಕ ರಬ್ಬರ್ ಚಕ್ರ ಸವೆದರೆ ಅಥವಾ ಕೆಸರಿನಿಂದ ಕಟ್ಟಿಕೊಂಡರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ನಿಲ್ಲುತ್ತದೆ. ಈ ಮಾತು ಎರಡೂ ಬಗೆಯ ಎಂಜಿನ್ನುಗಳಿಗೆ ಅನ್ವಯಿಸುತ್ತದೆ. ಕರಾವಳಿಯಲ್ಲಿ ಸುಲಭವಾಗಿ ಸಿಗುವ ಆ ರಬ್ಬರ್ ಚಕ್ರ ಪ್ರವಾಹದ ರಾತ್ರಿ ಸೇಡಂನಲ್ಲಿ ಸಿಗುವುದೇ ಎಂಬುದೇ ಪ್ರಶ್ನೆ. ಒಂದೆರಡು ಬಿಡಿ ಚಕ್ರಗಳನ್ನು ಮೊದಲೇ ತಂದಿಟ್ಟು, ಅದನ್ನು ಬದಲಿಸುವುದನ್ನು ಸ್ಥಳೀಯರಿಗೆ ಕಲಿಸಿದ್ದರೆ ಸಾಧಾರಣ ಎಂಜಿನ್ನೂ ಜೀವ ಉಳಿಸುತ್ತದೆ. ಇಲ್ಲದಿದ್ದರೆ ಉತ್ಕೃಷ್ಟ ಎಂಜಿನ್ನೂ ದಡದಲ್ಲಿಯೇ ಉಳಿಯುತ್ತದೆ.

ಚಂದ್ರಂಪಳ್ಳಿಯ ನೀರು

ವಿಹಾರದ ಪ್ರಶ್ನೆಗೆ ಬಂದರೆ ಚಂದ್ರಂಪಳ್ಳಿಯ ಸಂಗತಿ ಬೇರೆ. ಇದು ಹರಿಯುವ ನದಿಯಲ್ಲ, ಗುಡ್ಡಗಳ ನಡುವೆ ನಿಂತ ನೀರು. ಸ್ಕೀ ದೋಣಿಗೆ ಬೇಕಾದ ನೆಮ್ಮದಿಯ ನೀರು ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಆದರೆ ಅದರ ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾಗಿದೆ. ಬಯಲುಸೀಮೆಯ ಈ ಅಪರೂಪದ ಹಸಿರಿನಲ್ಲಿ ಪ್ರಾಣಿ–ಪಕ್ಷಿಗಳಿಗೆ ನೀರಿನ ಆಸರೆ ಈ ಜಲಾಶಯ.

ಅಲೆ ಏಳಿಸುವ ದೋಣಿಗಳು ದಡವನ್ನು ಕೊರೆಯುತ್ತವೆ, ತಳದ ಕೆಸರನ್ನು ಕಲಕುತ್ತವೆ ಎಂಬ ದೂರು ಅಮೆರಿಕದ ಸರೋವರಗಳಲ್ಲಿಯೇ ಬಲವಾಗಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೇಕ್‌ಸರ್ಫಿಂಗ್ ದೋಣಿಯ ಅಲೆ ಇತರ ದೋಣಿಗಳ ಅಲೆಯ ಮಟ್ಟಕ್ಕೆ ಇಳಿಯಬೇಕಾದರೆ ದಡದಿಂದ 500 ಅಡಿಗೂ ಹೆಚ್ಚಿನ ಅಂತರ ಬೇಕು. ವರ್ಮಾಂಟ್ ರಾಜ್ಯ 2024ರಲ್ಲಿ ಜಾರಿಗೆ ತಂದ ನಿಯಮದಂತೆ ಇಂತಹ ಕ್ರೀಡೆಗೆ ದಡದಿಂದ ಕನಿಷ್ಠ 500 ಅಡಿ ದೂರ, 20 ಅಡಿ ಆಳ ಹಾಗೂ ಇವೆರಡನ್ನೂ ಪೂರೈಸುವ 50 ಎಕರೆ ನೀರಿನ ಹರವು ಇರಲೇಬೇಕು. ಬೇಸಿಗೆಯಲ್ಲಿ ನೀರು ಇಳಿಯುವ ನಮ್ಮ ಕಿರುಜಲಾಶಯಗಳನ್ನು ಈ ಅಳತೆಗೋಲಿನಿಂದ ಅಳೆದರೆ ಅಬ್ಬರದ ದೋಣಿ ಇಲ್ಲಿಗೆ ಒಗ್ಗದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟಿನ ದೋಣಿ, ಕಾಲಿನಿಂದ ತುಳಿಯುವ ದೋಣಿ, ಕಯಾಕ್ ಅಥವಾ ಸದ್ದಿಲ್ಲದ ವಿದ್ಯುತ್ ಮೋಟಾರಿನ ದೋಣಿ ಇವೇ ಇಂತಹ ನೀರಿಗೆ ಹೊಂದುವಂಥವು.

ಶಹಾಬಾದ್ ಮತ್ತು ಚಿತ್ತಾಪುರ ಸುತ್ತಮುತ್ತಲಿನ ಕೈಬಿಟ್ಟ ಕಲ್ಲುಗಣಿಗಳಲ್ಲಿ ನಿಂತ ತಿಳಿನೀರೂ ಯುವಕರನ್ನು ಕರೆಯುತ್ತದೆ. ಗೋಡೆಯಂತೆ ಕಡಿದಾದ ಅಂಚು, ಹತ್ತಲು ಮೆಟ್ಟಿಲಿಲ್ಲದ ದಡ, ಅಂದಾಜಿಗೆ ಸಿಗದ ಆಳ ಇವುಗಳಿಂದ ಆ ಹೊಂಡಗಳು ಈಜಿಗೂ ಯೋಗ್ಯವಲ್ಲ, ದೋಣಿಗೂ ಯೋಗ್ಯವಲ್ಲ.

ಕೊಳ್ಳುವ ಮುನ್ನ ಕೇಳಬೇಕಾದದ್ದು

ದೋಣಿ ಯಾವುದೇ ಇರಲಿ, ದುರಂತಗಳ ಕಾರಣ ಹೆಚ್ಚಾಗಿ ಹೆಸರಿನಲ್ಲಿ ಇರುವುದಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಸತ್ತರು. 2024ರ ಜನವರಿಯಲ್ಲಿ ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಪ್ರಾಣ ಕಳೆದುಕೊಂಡರು. ಮಿತಿಮೀರಿದ ಜನ, ಎಲ್ಲರಿಗೂ ಸಿಗದ ಜೀವರಕ್ಷಕ ಅಂಗಿ ಎಂಬ ಎರಡು ಮಾತುಗಳು ಇಂತಹ ಪ್ರತಿಯೊಂದು ದುರಂತದ ಬೆನ್ನಿಗೂ ಕೇಳಿಬರುತ್ತವೆ. ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ ಹಾಗೂ ವಿಮೆಗೆ ಸಂಬಂಧಿಸಿ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ದೋಣಿ ನಡೆಸುವವರಿಗೂ ಜೀವರಕ್ಷಕರಿಗೂ ತರಬೇತಿ ದೊರೆಯುತ್ತದೆ. ದೋಣಿಯ ಬೆಲೆಯ ಜೊತೆಗೆ ಈ ತರಬೇತಿಯ ಬೆಲೆಯನ್ನೂ ಸೇರಿಸಿದಾಗಲೇ ನಿಜವಾದ ವೆಚ್ಚ ತಿಳಿಯುತ್ತದೆ.

ಇದುವರೆಗಿನ ವಿವರಗಳಿಂದ ಹೊರಡುವ ಪ್ರಶ್ನೆಗಳು ಸರಳವಾಗಿವೆ. ನೀರು ಹರಿಯುವುದೋ ನಿಂತದ್ದೋ? ತಳ ಕಲ್ಲೋ, ಮರಳೋ, ಕೆಸರೋ? ಬೇಸಿಗೆಯಲ್ಲಿ ಎಷ್ಟು ಆಳ ಉಳಿಯುತ್ತದೆ? ದೋಣಿಯ ಕೆಲಸ ಎಳೆಯುವುದೋ, ಹೊರುವುದೋ, ಉಳಿಸುವುದೋ? ರಸ್ತೆಯಿಂದ ನೀರಿಗೆ ಇಳಿಸಲು ದಾರಿಯಿದೆಯೇ? ವರ್ಷದ ಹತ್ತು ತಿಂಗಳು ಎಂಜಿನ್ನನ್ನು ಎಲ್ಲಿಟ್ಟು, ಯಾರು ಚಾಲೂ ಮಾಡಿ ನೋಡುತ್ತಾರೆ? ಕೆಟ್ಟರೆ ಎಷ್ಟು ದೂರದಿಂದ ಮೆಕ್ಯಾನಿಕ್ ಬರಬೇಕು? ನಡೆಸುವವನಿಗೆ ಈ ನದಿಯ ಪರಿಚಯವಿದೆಯೇ? ಇವುಗಳಿಗೆ ಉತ್ತರ ದೊರೆತ ಮೇಲೆ ಉಳಿಯುವ ಒಂದೆರಡು ಮಾದರಿಗಳ ನಡುವೆ ಆರಿಸುವಾಗ ಕಂಪನಿಯ ಹೆಸರು ನೆರವಿಗೆ ಬರುತ್ತದೆ, ಅದಕ್ಕೆ ಮೊದಲಲ್ಲ.

ಫ್ಲಾರಿಡಾದ ಸ್ಕೀಪಟು ನಾಟಿಕ್ ಕೊಂಡದ್ದು ಅವನ ಸರೋವರಕ್ಕಾಗಿ. ಮಲ್ಪೆಯ ಮೀನುಗಾರ ಎಂಜಿನ್ ಆರಿಸಿದ್ದು ಅವನ ಕಡಲಿಗಾಗಿ. ಭೀಮೆಯ ಅಂಬಿಗ ಹರಿಗೋಲನ್ನು ಬಿಡದಿರುವುದು ಅವನ ಹೊಳೆಗಾಗಿ. ಕಾಗಿಣಾ ಮತ್ತೆ ಉಕ್ಕುವ ಮೊದಲು ಮಳಖೇಡ, ದಂಡೋತಿ, ಹೊನಗುಂಟಾಗಳ ನೀರನ್ನು ಬಲ್ಲವರನ್ನು ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಹಣವೂ ಬೇಕಿಲ್ಲ, ಟೆಂಡರೂ ಬೇಕಿಲ್ಲ. ಬೇಸಿಗೆಯ ಬಿಡುವಿನ ಒಂದು ದಿನ ಸಾಕು.